ಮನೆಯ ಯಂತ್ರಗಳು: ಸಬ್‌ವೂಫರಿನ ಮೊರೆತ

ವಾಚಕ ಮಹಾಶಯರೊಬ್ಬರು ನಮಗೆ ಬರೆದಿರುವ ಕಾಗದದ ಸಾರಾಂಶವು ಹೀಗಿದೆ: ಮನೆಯಲ್ಲಿ ಹೋಮ್ ಥಿಯೇಟರನ್ನು ಇಟ್ಟುಕೊಂಡು ಎರಡು ವರ್ಷಗಳಾದುವು, ಚಿತ್ರವು ಓಡುತ್ತಿರುವಾಗ ಎಲ್ಲವೂ ಚೆನ್ನಾಗಿಯೇ ಇರುವುದು, ಮಾತು ನಿಂತು ಮೌನವುಂಟಾದೊಡನೆ ಮಾತ್ರ ಸಬ್‌ವೂಫರಿನೊಳಗಿಂದ ತಂಬೂರಿಯ ಮಂದ್ರತಂತಿಯಂತೆ ಗುಂಯ್ ಎಂಬ ಒಂದೇ ಸ್ವರವು ಹೊರಡುತ್ತಿರುವುದು, ಇದಕ್ಕೆ ಪರಿಹಾರವೇನು? ಇಂಥ ಪ್ರಶ್ನೆ ಈಚೆಗೆ ನಮಗೆ ಬಂದಿರುವುದು ಒಂದೆರಡಲ್ಲ. ಕೆಲವರು ತಾವೇ ಒಂದು ಪರಿಹಾರವನ್ನು ಕಂಡುಕೊಂಡಿರುವುದಾಗಿಯೂ ಬರೆದಿದ್ದಾರೆ. ಆ ಪರಿಹಾರವೇ ನಮಗೆ ಭಯವನ್ನುಂಟುಮಾಡಿರುವುದರಿಂದ ಈ ತಿಂಗಳ ಪುಟವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಮೊದಲು ಈ ಸ್ವರದ ಕುಲಗೋತ್ರವನ್ನು ವಿಚಾರಿಸೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಒಂದೇ ದಿಕ್ಕಿಗೆ ಹರಿಯದೆ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುವುದು. ಈ ತೂಗಾಟವು ಧ್ವನಿಯ ಮಾರ್ಗದೊಳಕ್ಕೆ ಎಲ್ಲಿಯಾದರೂ ನುಸುಳಿದರೆ 50 ಆವರ್ತದ, ಇಲ್ಲವೆ ಅದರ ಇಮ್ಮಡಿಯಾದ 100 ಆವರ್ತದ ಸ್ವರವಾಗಿ ಕೇಳಿಬರುವುದು. ಚಿಕ್ಕ ಸ್ಪೀಕರುಗಳಿಗೆ ಅಷ್ಟು ತಗ್ಗಿನ ಸ್ವರವನ್ನು ಚೆನ್ನಾಗಿ ನುಡಿಯುವ ಶಕ್ತಿಯಿಲ್ಲ. ಸಬ್‌ವೂಫರಾದರೋ ಹುಟ್ಟಿರುವುದೇ ಅದಕ್ಕಾಗಿ. ಆದುದರಿಂದ ತಪ್ಪು ಮನೆಯ ಯಾವ ಮೂಲೆಯಲ್ಲಿಯೇ ಇರಲಿ, ಅಪವಾದ ಮಾತ್ರ ಈ ಪೆಟ್ಟಿಗೆಯ ತಲೆಗೆ ಬರುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಮೌನವ್ರತವನ್ನು ಕೈಕೊಳ್ಳುತ್ತದೆ. ಮನೆಗೆ ತಂದೊಡನೆ ಮತ್ತೆ ಮೊರೆಯುತ್ತದೆ. ಅಂಗಡಿಯವರು ನಗುತ್ತಾರೆ, ಮನೆಯ ಯಜಮಾನರು ಸಿಡುಕುತ್ತಾರೆ.

ತಪ್ಪು ಒಳಗಿನದೋ ಹೊರಗಿನದೋ ಎಂಬುದನ್ನು ತಿಳಿಯುವುದಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ಸಬ್‌ವೂಫರಿನ ಸ್ವಿಚ್ಚನ್ನು ಆರಿಸಿ, ರಿಸೀವರಿನಿಂದ ಅದಕ್ಕೆ ಬಂದಿರುವ ಧ್ವನಿಯ ತಂತಿಯನ್ನು ಸಬ್‌ವೂಫರಿನ ಕಡೆಯ ತುದಿಯಲ್ಲಿಯೇ ಕಿತ್ತು, ಬಳಿಕ ಸ್ವಿಚ್ಚನ್ನು ಹಾಕತಕ್ಕದ್ದು. ಆ ಕಡೆಯ ತುದಿಯನ್ನು ಕಿತ್ತು ಈ ಕಡೆಯದನ್ನು ಹಾಗೆಯೇ ಬಿಟ್ಟರೆ, ಜೋತುಬಿದ್ದ ತಂತಿಯು ತಾನೇ ಗಾಳಿಯೊಳಗಿನ ವಿದ್ಯುತ್ತಿನ ಸದ್ದನ್ನು ಹಿಡಿದು ತಂದು ನಮ್ಮನ್ನು ಮೋಸಗೊಳಿಸುವುದು. ಪೆಟ್ಟಿಗೆಯು ಸದ್ದಿಲ್ಲವೆಂದು ತಾನಾಗಿಯೇ ನಿದ್ದೆಹೋಗುವ ಜಾತಿಯದಾದರೆ ಹಿಂದಿನ ಗುಂಡಿಯಿಂದ ಅದನ್ನು ಎಚ್ಚರವಾಗಿಟ್ಟಿರಬೇಕು. ತಂತಿಯಿಲ್ಲದೆಯೂ ಮೊರೆತವು ನಿಲ್ಲದಿದ್ದರೆ ರೋಗವು ಪೆಟ್ಟಿಗೆಯ ಒಡಲಲ್ಲಿಯೇ ಇದೆ; ಒಳಗಿನ ಕೆಪಾಸಿಟರುಗಳು ಹಳತಾಗಿ ಸೊರಗಿರಬಹುದು, ಟ್ರಾನ್ಸ್‌ಫಾರ್ಮರು ಸಡಿಲವಾಗಿ ನಡುಗುತ್ತಿರಬಹುದು. ಅದು ರಿಪೇರಿಯವರ ಕೆಲಸ. ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವುದಾದ್ದರಿಂದ ಗೃಹಸ್ಥರು ಮೊಳೆ ತಿರುಪಿ ಒಳಗೆ ಕೈಹಾಕಬಾರದು. ತಂತಿಯನ್ನು ಕಿತ್ತೊಡನೆ ಮೊರೆತವು ನಿಂತಿತೋ, ಪೆಟ್ಟಿಗೆಯು ನಿರಪರಾಧಿ. ಅಪರಾಧಿಯನ್ನು ಹೊರಗೆ ಹುಡುಕಬೇಕು.

ಹೊರಗಿನ ಅಪರಾಧಿಗಳಲ್ಲಿ ಅಗ್ರಗಣ್ಯವಾದುದು ಭೂಸಂಪರ್ಕದ ಸುತ್ತು. ಜನರು ಅರ್ಥಿಂಗ್ ಎಂದು ಕರೆಯುವ ಭೂಸಂಪರ್ಕವು ಸಬ್‌ವೂಫರಿಗೆ ಮೂರು ಕಡ್ಡಿಯ ಪ್ಲಗ್ಗಿನ ದಪ್ಪನೆಯ ಕಡ್ಡಿಯ ಮೂಲಕ ದೊರೆಯುವುದು. ಇದು ಒಂದು ದಾರಿ. ಬೀದಿಯ ಕಂಬದಿಂದ ಟೆಲಿವಿಷನ್ನಿಗೆ ಬರುವ ಕೇಬಲ್ಲಿಗೆ ಹೊರಸುತ್ತಿನಲ್ಲಿ ಲೋಹದ ಹೆಣಿಗೆಯಿರುವುದಷ್ಟೆ; ಅದು ಬೇರೆ ಯಾವುದೋ ಸ್ಥಳದಲ್ಲಿ ಭೂಮಿಯನ್ನು ಮುಟ್ಟಿರುವುದು. ಇದು ಎರಡನೆಯ ದಾರಿ. ಕೇಬಲ್ಲಿನ ಹೆಣಿಗೆ ಸೆಟ್‌ಟಾಪ್ ಪೆಟ್ಟಿಗೆಗೆ, ಅಲ್ಲಿಂದ ರಿಸೀವರಿಗೆ, ರಿಸೀವರಿನಿಂದ ಧ್ವನಿತಂತಿಯ ಹೊರಸುತ್ತಿನ ಮೂಲಕ ಸಬ್‌ವೂಫರಿಗೆ ಕೂಡಿಕೊಂಡೊಡನೆ ಒಂದು ಸುತ್ತು ಪೂರ್ಣವಾಯಿತು. ಎರಡೂ ಕಡೆಯ ಭೂಮಿಯು ವಿದ್ಯುತ್ತಿನ ಲೆಕ್ಕದಲ್ಲಿ ಒಂದೇ ಮಟ್ಟದಲ್ಲಿರುವುದಿಲ್ಲ. ಎರಡು ಕೆರೆಗಳಿಗೆ ಕಾಲುವೆ ತೋಡಿದರೆ ಮಟ್ಟವು ಹೆಚ್ಚಾದ ಕಡೆಯಿಂದ ನೀರು ಹರಿಯುವಂತೆ ಧ್ವನಿತಂತಿಯ ಹೊರಸುತ್ತಿನಲ್ಲಿ ಅಲ್ಪವಾದೊಂದು ಪ್ರವಾಹವು ಹರಿಯತೊಡಗುವುದು. ಸಬ್‌ವೂಫರಿಗೆ ಅದು ಸಂಗೀತವೋ ಕಶ್ಮಲವೋ ತಿಳಿಯದು. ದೊಡ್ಡದು ಮಾಡಿ ನುಡಿಯುವುದಷ್ಟೇ ಅದರ ಕೆಲಸ.

ಇನ್ನು ನಮ್ಮ ಸ್ನೇಹಿತರ ಮನೆಯ ಸಂಗತಿಗೆ ಬರೋಣ. ಅವರ ಮನೆಯಲ್ಲಿ ಇದೇ ಮೊರೆತವಿದ್ದು, ಯಾರೋ ಒಬ್ಬ ಮೆಕಾನಿಕ್ಕನು ಬಂದು, ಐದು ನಿಮಿಷದಲ್ಲಿ ಸರಿಮಾಡಿಕೊಡುವೆನೆಂದು ಸಬ್‌ವೂಫರಿನ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ತೆಗೆದುಹಾಕಿದನು. ಸದ್ದು ನಿಂತಿತು, ನಿಲ್ಲಲೇಬೇಕು, ಸುತ್ತು ಕಡಿಯಿತಷ್ಟೆ. ಸ್ನೇಹಿತರು ಅವನಿಗೆ ಹಣವನ್ನೂ ಕಾಫಿಯನ್ನೂ ಕೊಟ್ಟು ಕಳುಹಿಸಿದರು. ಆರು ತಿಂಗಳು ಸುಖವಾಗಿ ಕಳೆದುವು. ಅನಂತರ ಅವರು ಕೇಬಲ್ಲನ್ನು ಬಿಡಿಸಿ ಇಂಟರ್‌ನೆಟ್ಟಿನ ಮೂಲಕ ಚಿತ್ರಗಳನ್ನು ನೋಡತೊಡಗಿದರು. ಅದಾದ ಕೆಲವು ದಿವಸಗಳಿಗೆ ಅವರ ಮನೆಯಾಕೆಯು ನೆಲ ಒರೆಸಿ, ಒದ್ದೆಗಾಲಿನಲ್ಲಿಯೇ ಪೆಟ್ಟಿಗೆಯ ಹಿಂದಣ ಧೂಳನ್ನು ಝಾಡಿಸುತ್ತಿರುವಾಗ ಬೆರಳುಗಳಿಗೆ ಜುಂ ಎಂದು ಹಿಡಿದಂತಾಯಿತು. ಸ್ನೇಹಿತರು, “ಏನೂ ಇಲ್ಲ ಕಣೇ, ಮಳೆಗಾಲದ ತೇವ” ಎಂದರಂತೆ. ಆಕೆಯು ಅದನ್ನು ನಂಬದೆ, “ತೇವ ನಿನ್ನೆಯೂ ಇತ್ತಲ್ಲ?” ಎಂದು ಕೇಳಿ ನಮಗೆ ಹೇಳಿಕಳುಹಿಸಿದ್ದು ಒಳ್ಳೆಯದಾಯಿತು.

ನಡೆದಿದ್ದುದಿಷ್ಟು. ಇಂಥ ಯಂತ್ರಗಳ ಒಳಗೆ ವಿದ್ಯುತ್ತಿನ ಕಶ್ಮಲವನ್ನು ಸೋಸುವ ಚಿಕ್ಕ ಕೆಪಾಸಿಟರುಗಳು ಲೋಹದ ಮೈಗೆ ಕೂಡಿಕೊಂಡಿರುತ್ತವೆ. ಅವುಗಳಿಂದ ಜಿನುಗುವ ಅಲ್ಪ ವಿದ್ಯುತ್ತು ಸಾಮಾನ್ಯವಾಗಿ ಭೂಸಂಪರ್ಕದ ಕಡ್ಡಿಯ ಮೂಲಕ ಮಣ್ಣು ಸೇರಿಹೋಗುವುದು. ಕಡ್ಡಿಯಿಲ್ಲದಿದ್ದಾಗ ಅದು ಧ್ವನಿತಂತಿ, ರಿಸೀವರು, ಕೇಬಲ್ಲು ಇವುಗಳ ಮೂಲಕ ಸುತ್ತಿಬಳಸಿ ಭೂಮಿಗಿಳಿಯುತ್ತಿತ್ತು. ಅವರ ರಿಸೀವರು, ಟೆಲಿವಿಷನ್ನು ಇವೆರಡೂ ಎರಡು ಕಡ್ಡಿಯ ಪ್ಲಗ್ಗಿನವು. ಕೇಬಲ್ಲೂ ಹೋದ ಮೇಲೆ ಆ ವಿದ್ಯುತ್ತಿಗೆ ಬೇರೆ ದಾರಿಯೇ ಉಳಿಯದೆ ಆಕೆಯ ಬೆರಳನ್ನು ಹಿಡಿಯಿತು. ಈ ಜಿನುಗು ತಾನಾಗಿ ಪ್ರಾಣವನ್ನು ತೆಗೆಯುವಷ್ಟಿರುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರಿನ ಹೊದಿಕೆಯು ಎಂದಾದರೊಂದು ದಿನ ಸುಟ್ಟು ಒಳಗಿನ ಜೀವತಂತಿಯು ಲೋಹದ ಮೈಯನ್ನು ಮುಟ್ಟಿದ್ದರೆ? ಕಡ್ಡಿಯಿದ್ದಲ್ಲಿ ಭಾರಿ ಪ್ರವಾಹವು ಭೂಮಿಗೆ ಹರಿದು ಫ್ಯೂಸು ಕ್ಷಣಮಾತ್ರದಲ್ಲಿ ಹೋಗುತ್ತಿತ್ತು. ಕಡ್ಡಿಯಿಲ್ಲದೆಡೆಯಲ್ಲಿ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪೆಟ್ಟಿಗೆಯ ಮೈಯೆಲ್ಲ 230 ವೋಲ್ಟಾಗಿ ಮುಟ್ಟುವವರಿಗಾಗಿ ಕಾದಿರುವುದು. ನಮ್ಮ ದೇಶದ ಪ್ಲಗ್ಗುಗಳಲ್ಲಿ ಆ ಕಡ್ಡಿಯನ್ನು ಮಿಕ್ಕೆರಡಕ್ಕಿಂತ ಉದ್ದವಾಗಿ ಮಾಡಿರುವುದು ಅಂದಕ್ಕಲ್ಲ. ಎಲ್ಲಕ್ಕೂ ಮೊದಲು ಒಳಸೇರಿ ಎಲ್ಲಕ್ಕೂ ಕೊನೆಗೆ ಹೊರಬರಲೆಂದು. ಹಾಗಿರಲು ಆ ಕಡ್ಡಿಯನ್ನು ಕತ್ತರಿಸಿರುವೆವೆಂದು ಹೆಮ್ಮೆಯಿಂದ ಬರೆದ ಮೂವರು ವಾಚಕರು, ಈ ಪುಟವನ್ನು ಓದಿದ ದಿನವೇ ಹೊಸ ಮೂರು ಕಡ್ಡಿಯ ಪ್ಲಗ್ಗನ್ನು ಹಾಕಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಸ್ನೇಹಿತರ ಮನೆಯಲ್ಲಿ ಪ್ಲಗ್ಗನ್ನು ಬದಲಾಯಿಸಿದೊಡನೆ ಜುಂಗುಟ್ಟುವಿಕೆ ನಿಂತಿತು. ವಿನೋದವೇನೆಂದರೆ ಮೊರೆತವೂ ಹಿಂದಿರುಗಲಿಲ್ಲ. ಕೇಬಲ್ಲೇ ಇಲ್ಲದ ಮೇಲೆ ಸುತ್ತೆಲ್ಲಿಯದು? ಮೆಕಾನಿಕ್ಕನು ಅಂದು ಕಡ್ಡಿಗೆ ಕೈಹಾಕುವ ಮೊದಲು ಕೇಬಲ್ಲನ್ನು ಒಮ್ಮೆ ಬಿಚ್ಚಿ ನೋಡಿದ್ದರೆ ಅಂದೇ ಕಳ್ಳನು ಸಿಕ್ಕುತ್ತಿದ್ದನು. ವಾಚಕರು ಮಾಡಬೇಕಾದುದೂ ಅದನ್ನೇ. ಸಬ್‌ವೂಫರನ್ನು ಎಂದಿನಂತೆ ಕೂಡಿಸಿಟ್ಟು, ಸೆಟ್‌ಟಾಪ್ ಪೆಟ್ಟಿಗೆಯ ಕೇಬಲ್ಲನ್ನು ತಿರುಪಿ ಬಿಚ್ಚಿರಿ. ಸದ್ದು ನಿಂತರೆ ಕೇಬಲ್ಲಿನ ದಾರಿಯಲ್ಲಿ ಹಾಕುವ ಐಸೊಲೇಟರು ಎಂಬ ಚಿಕ್ಕ ಸಾಧನವನ್ನು ಕೊಂಡುಕೊಳ್ಳಬಹುದು. ಅದು ಚಿತ್ರವನ್ನು ಒಳಬಿಟ್ಟು 50 ಆವರ್ತದ ಪ್ರವಾಹವನ್ನು ತಡೆಯುವುದು. ಧ್ವನಿತಂತಿಯ ನಡುವೆ ಹಾಕುವ ಬೇರೊಂದು ಐಸೊಲೇಟರೂ ಉಂಟು. ಅಗ್ಗದವು ಸಬ್‌ವೂಫರಿನ ಜೀವಾಳವಾದ ತಗ್ಗಿನ ಸ್ವರಗಳನ್ನೇ ನುಂಗಿಬಿಡುವುದರಿಂದ ಅದನ್ನು ಕೊನೆಯ ಉಪಾಯವಾಗಿಟ್ಟುಕೊಳ್ಳುವುದು ಮೇಲು. ಕೇಬಲ್ಲಿನಿಂದ ಸದ್ದು ನಿಲ್ಲದಿದ್ದರೆ ಟೆಲಿವಿಷನ್, ಲ್ಯಾಪ್‌ಟಾಪ್ ಮುಂತಾದವನ್ನು ಒಂದೊಂದಾಗಿ ಬಿಚ್ಚುತ್ತ ಬರಬೇಕು. ಬೇರೆಬೇರೆ ಗೋಡೆಗಳ ಸಾಕೆಟ್ಟುಗಳಿಗೆ ಹಾಕಿದ್ದ ಎಲ್ಲ ಪ್ಲಗ್ಗುಗಳನ್ನೂ ಒಳ್ಳೆಯದೊಂದು ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಒಂದೇ ಸಾಕೆಟ್ಟಿಗೆ ತಂದರೆ ಸದ್ದು ಕಾಸಿನ ಖರ್ಚಿಲ್ಲದೆ ಅಡಗುವುದನ್ನು ನಾವು ಹಲವು ಸಲ ಕಂಡಿದ್ದೇವೆ.

ಧ್ವನಿತಂತಿಯು ವಿದ್ಯುತ್ತಿನ ತಂತಿಗಳೊಡನೆ ಹೆಣೆದುಕೊಂಡು ಉದ್ದಕ್ಕೆ ಮಲಗಿರುವುದೂ ಉಂಟು. ಅವನ್ನು ಒಂದಡಿ ಬೇರ್ಪಡಿಸಬೇಕು, ದಾಟಲೇಬೇಕಾದೆಡೆಯಲ್ಲಿ ಅಡ್ಡವಾಗಿ ದಾಟಿಸಬೇಕು. ತಂತಿಯ ತುದಿಯ ಬೆಸುಗೆ ಸಡಿಲವಾಗಿದ್ದರೆ ಮುಟ್ಟಿದಾಗಲೆಲ್ಲ ಗುರ್ರೆನ್ನುವುದು. ಅಂಥ ತಂತಿಯನ್ನು ಎಸೆಯುವುದೇ ಸರಿ. ಗುಂಯ್ ಎನ್ನದೆ ಜಿರ್ರೆಂದು ಕೆರೆದಂತೆ ಕೇಳಿಸಿದರೆ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರನ್ನು ತಿರುಗಿಸಿ ನೋಡಿರಿ, ಸದ್ದು ಅದರೊಡನೆ ಬದಲಾಗಬಹುದು. ಕರೆಂಟು ಹೋಗಿ ಅಗ್ಗದ ಇನ್ವರ್ಟರು ನಡೆಯುತ್ತಿರುವಾಗ ಮಾತ್ರ ಸದ್ದು ಬರುವುದಾದರೆ ಅದು ಇನ್ವರ್ಟರಿನ ಒರಟು ವಿದ್ಯುತ್ತಿನ ಗುಣ. ಕರೆಂಟು ಬರುವವರೆಗೆ ಸಬ್‌ವೂಫರನ್ನು ಆರಿಸಿ ಮಾತನಾಡುತ್ತ ಕುಳಿತಿರುವುದೇ ಲೇಸು. ಪೆಟ್ಟಿಗೆಯ ಹಿಂದಿನ ಧ್ವನಿಯ ಗುಂಡಿಯನ್ನು ತುದಿಯವರೆಗೆ ತಿರುಗಿಸಿಟ್ಟಿರುವವರು ಅದನ್ನು ಅರ್ಧಕ್ಕಿಳಿಸಿ, ಬೇಕಾದ ಜೋರನ್ನು ರಿಸೀವರಿನಿಂದ ಕೊಡಬೇಕು.

ಹಳೆಯ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ. ಸಾಕೆಟ್ಟಿಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ತಂತಿಯೇ ಇಲ್ಲದಿರಬಹುದು. ಇಲ್ಲವೆ ತಂತಿಯಿದ್ದು, ಹಿತ್ತಿಲಿನಲ್ಲಿ ಇದ್ದಲು ಉಪ್ಪು ಹಾಕಿ ಹೂಳಿದ ಗುಂಡಿಯು ಒಣಗಿ ಕಲ್ಲಾಗಿರಬಹುದು. ಲೈಸೆನ್ಸಿರುವ ಎಲೆಕ್ಟ್ರೀಷಿಯನ್ನರನ್ನು ಕರೆಸಿ ಅದನ್ನು ಅಳೆಯಿಸಿರಿ. ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿಯುವ 30 ಮಿಲಿಆಂಪೇರಿನ ಆರ್‌ಸಿಸಿಬಿಯನ್ನೂ ಅದೇ ಸಲ ಹಾಕಿಸಿರಿ. ನಮ್ಮ ಸ್ನೇಹಿತರ ಮನೆಯ ಗುಂಡಿಯ ಮೇಲೆ ತುಳಸೀಕಟ್ಟೆಯ ಪಕ್ಕದ ಕಲ್ಲುಚಪ್ಪಡಿ ಬಿದ್ದು ಎಷ್ಟು ವರ್ಷಗಳಾಗಿದ್ದುವೋ ಯಾರಿಗೂ ತಿಳಿದಿರಲಿಲ್ಲ. ಈಗ ಆ ಚಪ್ಪಡಿಯನ್ನು ಸರಿಸಿದ್ದಾರೆ. ಬೇಸಗೆಯಲ್ಲಿ ವಾರಕ್ಕೊಮ್ಮೆ ಅವರ ಮನೆಯಾಕೆಯು ತುಳಸಿಗೆ ನೀರೆರೆದ ಬಳಿಕ ಅದಕ್ಕೂ ಒಂದು ಕೊಡ ಸುರಿಯುತ್ತಾರೆ.