ಹಕ್ಕಿಯ ಕಣ್ಣಿನಲ್ಲಿ ಕಾಣುವ ದೀಪಗಳು

ಅಮೆರಿಕ ಖಂಡಗಳನ್ನು ಬಿಟ್ಟು ಜಗತ್ತಿನ ಬೇರಾವ ಭಾಗದಲ್ಲಿಯೂ ವಾಸಿಸದ ಹಮ್ಮಿಂಗ್‌ಬರ್ಡ್ ಎಂಬ ಕಿರುಹಕ್ಕಿಯ ಛಾಯಾಚಿತ್ರಗಳು ಈಚೆಗೆ ನಮ್ಮ ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ಧಾರಾಳವಾಗಿ ಕಾಣಿಸಿಕೊಳ್ಳುತ್ತಿವೆ. ಸೆಕೆಂಡಿಗೆ ಸುಮಾರು 50 ಬಾರಿ ಬಡಿಯುವ ರೆಕ್ಕೆಗಳು ಒಂದೊಂದು ಗರಿಯನ್ನೂ ಎಣಿಸಬಹುದಾದಂತೆ ಸ್ತಬ್ಧವಾಗಿರುವ, ಕೊರಳಿನ ಮಾಣಿಕ್ಯವರ್ಣವು ಪ್ರಜ್ವಲಿಸುತ್ತಿರುವ, ಕಪ್ಪು ಕಣ್ಣಿನಲ್ಲಿ ಬೆಳಕಿನ ಒಂದೇ ಒಂದು ಬಿಂದು ಮಿನುಗುತ್ತಿರುವ ಆ ಚಿತ್ರಗಳನ್ನು ಕಂಡು ವಿಸ್ಮಿತರಾಗದವರು ವಿರಳ. ಅವುಗಳಲ್ಲಿ ರೆಕ್ಕೆಯೂ ನಿಜ, ಕೊರಳಿನ ವರ್ಣವೂ ನಿಜ. ಕಣ್ಣಿನ ಆ ಏಕಬಿಂದು ಮಾತ್ರ ಅನೇಕ ವೇಳೆ ತಿದ್ದುಪಡಿಯ ಫಲವೆಂಬುದನ್ನು ಓದುಗರು ಅರಿತಿರಬೇಕು.

ಇಷ್ಟು ವೇಗವಾಗಿ ಬಡಿಯುವ ರೆಕ್ಕೆಯನ್ನು ಹಿಡಿದು ನಿಲ್ಲಿಸುವ ವಿದ್ಯೆ ಫ್ಲ್ಯಾಶಿನದು. ಎಂ.ಐ.ಟಿ.ಯ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಕ್ಷಣಾಂಶದ ವಿದ್ಯುದ್ದೀಪಗಳಿಂದ ಈ ಹಕ್ಕಿಗಳನ್ನು ಚಿತ್ರಿಸಿದರು. ಡ್ಯುಪಾಂಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅದೇ ಮಾರ್ಗವನ್ನು ಹಿಡಿದು, 1960ರಲ್ಲಿ ಹಮ್ಮಿಂಗ್‌ಬರ್ಡ್‌ಗಳನ್ನು ಕುರಿತ ಮಹತ್ತ್ವದ ಗ್ರಂಥವನ್ನೇ ಪ್ರಕಟಿಸಿದರು. ಇಂದು ಕೋಸ್ಟರಿಕಾ, ಈಕ್ವೆಡಾರ್ ಮೊದಲಾದೆಡೆಗಳಲ್ಲಿ ಸಕ್ಕರೆ ನೀರಿನ ಪಾತ್ರೆಯ ಬಳಿ ಹೂವೊಂದನ್ನು ನಿಲ್ಲಿಸಿ, ಹಿಂದೆ ಹಸಿರು ಬಣ್ಣದ ಪರದೆಯನ್ನು ಕಟ್ಟಿ, ಸುತ್ತಲೂ ನಾಲ್ಕೈದು ಫ್ಲ್ಯಾಶುಗಳನ್ನು ಇಡುವುದು ವಾಡಿಕೆ. ಅವುಗಳ ಶಕ್ತಿಯನ್ನು 1/16ಕ್ಕೋ 1/32ಕ್ಕೋ ಇಳಿಸಿದರೆ ಬೆಳಕಿನ ಅವಧಿ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆಯಾಗುತ್ತದೆ. ಹಕ್ಕಿಯ ಕೊರಳಿನ ಕೆಂಪು ಕೇವಲ ಬಣ್ಣದ್ರವ್ಯದಿಂದ ಬಂದುದಲ್ಲ. ಗರಿಯೊಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಹುಟ್ಟುವುದು. ತಕ್ಕ ಕೋನದಿಂದ ಬೆಳಕು ಬೀಳದಿದ್ದಲ್ಲಿ ಆ ಕೊರಳು ಕಪ್ಪಾಗಿಯೇ ತೋರುವುದರಿಂದ, ಮಸೂರದ ಸಮೀಪದಲ್ಲಿಯೂ ದೀಪಗಳನ್ನಿಡುವುದು ಅನಿವಾರ್ಯ. ಕಣ್ಣಾದರೋ ಉಬ್ಬುಗನ್ನಡಿ, ಮುಂದಿರುವ ದೀಪಗಳಷ್ಟೂ ಅದರಲ್ಲಿ ಬಿಳಿಯ ಚುಕ್ಕೆಗಳಾಗಿ ಮೂಡಿಬಿಡುತ್ತವೆ. ಆಮೇಲೆ ಅನೇಕ ಛಾಯಾಗ್ರಾಹಕರು ಫೋಟೋಶಾಪಿನಲ್ಲಿ ಒಂದು ಚುಕ್ಕೆಯನ್ನು ಉಳಿಸಿ ಮಿಕ್ಕವನ್ನು ಅಳಿಸುತ್ತಾರೆ.

ಆಕಾಶದಲ್ಲಿ ಸೂರ್ಯನೊಬ್ಬನೇ ಇರುವುದರಿಂದ ಕಣ್ಣಿನಲ್ಲಿಯೂ ಒಂದೇ ಹೊಳಪಿರುವುದು ಸಹಜವೆಂಬುದು ಅವರ ಸಮಾಧಾನ. ಈ ವಾದದಲ್ಲಿ ಸೌಂದರ್ಯದೃಷ್ಟಿಯಿದೆ. ಆದರೆ ಆ ಚಿತ್ರವನ್ನು ಬೆಳಗಿದವನು ಸೂರ್ಯನಲ್ಲವಷ್ಟೆ. ಫ್ಲ್ಯಾಶನ್ನು ಬಳಸಿದ್ದರಲ್ಲಿ ನನಗೆ ದೋಷ ಕಾಣದು. ಬರಿಗಣ್ಣಿಗೆ ಮಂಜಿನಂತೆ ತೋರುವ ರೆಕ್ಕೆಯ ಸ್ವರೂಪವನ್ನು ನಮಗೆ ತಿಳಿಸಿಕೊಟ್ಟದ್ದು ಅದೇ. ದೀಪವು ಹೀಗೆ ನಮ್ಮ ಜ್ಞಾನವನ್ನು ಹೆಚ್ಚಿಸಿದರೆ, ಚುಕ್ಕೆಗಳ ಅಳಿಸುವಿಕೆಯು, ಹಕ್ಕಿಯ ಮುಂದೆ ಎಷ್ಟು ದೀಪಗಳಿದ್ದುವೆಂಬುದಕ್ಕೆ ಚಿತ್ರದೊಳಗೇ ಇದ್ದ ಸಾಕ್ಷ್ಯವನ್ನು ಸದ್ದಿಲ್ಲದೆ ತೊಡೆದುಹಾಕುತ್ತದೆ. ಹೊಳಪೇ ಇಲ್ಲದ ಕಣ್ಣಿಗೆ ಹೊಸದಾಗಿ ಬಿಂದುವನ್ನು ಬರೆದು ಜೀವಕಳೆ ತರುವುದಂತೂ ಇನ್ನೂ ಮುಂದಿನ ಹೆಜ್ಜೆ. ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುವ ಅಧಿಕಾರ ಶಿಲ್ಪಿಗುಂಟು, ಏಕೆಂದರೆ ಆ ಕಣ್ಣು ಅವನೇ ಕಡೆದದ್ದು. ತನ್ನದೇ ಕಣ್ಣಿನಿಂದ ಲೋಕವನ್ನು ನೋಡುತ್ತಿರುವ ಪ್ರಾಣಿಯ ವಿಷಯದಲ್ಲಿ ಛಾಯಾಗ್ರಾಹಕನಿಗೆ ಆ ಅಧಿಕಾರವಿಲ್ಲ. ಅವನು ಮಾಡಬೇಕಾದದ್ದು, ಹಕ್ಕಿ ಬೆಳಕಿನ ಕಡೆಗೆ ತಲೆ ತಿರುಗಿಸುವವರೆಗೆ ಕಾಯುವುದು.

ಗೋಡೆಯ ಮೇಲೆ ತೂಗುಹಾಕುವ ಅಲಂಕಾರದ ಚಿತ್ರಕ್ಕೆ ಇಷ್ಟು ಕಟ್ಟುನಿಟ್ಟು ಬೇಡವೆನ್ನುವವರ ಮಾತನ್ನು ನಾನು ಒಪ್ಪಬಲ್ಲೆ. ಪ್ರಕೃತಿಯ ದಾಖಲೆಯೆಂದು ಪತ್ರಿಕೆಗೋ ಸ್ಪರ್ಧೆಗೋ ಕಳುಹಿಸುವ ಚಿತ್ರಕ್ಕೆ ಆ ವಿನಾಯಿತಿ ಸಲ್ಲದು. ದೂರದೇಶಗಳಿಗೆ ಹೋಗಿ ಹಮ್ಮಿಂಗ್‌ಬರ್ಡ್ ಚಿತ್ರಿಸಿ ತರುವ ನಮ್ಮವರೂ, ಮನೆಯಂಗಳದ ದಾಸವಾಳದ ಮೇಲೆ ಸೂರಕ್ಕಿಯನ್ನು ಫ್ಲ್ಯಾಶಿನಿಂದ ಹಿಡಿಯುವವರೂ ಚಿತ್ರದ ಅಡಿಯಲ್ಲಿ ಒಂದು ಸಾಲು ಬರೆಯಲಿ: ಎಷ್ಟು ದೀಪಗಳಿದ್ದುವು, ಪರದೆ ಕಟ್ಟಿದ್ದರೇ, ಕಣ್ಣನ್ನು ತಿದ್ದಿದ್ದಾರೆಯೇ. ಆ ಸಾಲಿಲ್ಲದ ಚಿತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ಸಂಪಾದಕರು ಈ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕೆಂದು ವಿನಂತಿಸುತ್ತೇನೆ.