ನಿಯಮ ಮುರಿದವನೇ ಅಪಘಾತಕ್ಕೆ ಕಾರಣನೇ?

ಒಂದೇ ಬೈಕಿನಲ್ಲಿ ಮೂವರಿದ್ದರು, ಹಿಂದಿನಿಂದ ಬಂದ ಕಾರು ಗುದ್ದಿತು ಎಂದು ಕೇಳಿದ ಕೂಡಲೇ ನಮ್ಮ ಬಾಯಿಗೆ ಬರುವ ಮಾತು, ‘ತ್ರಿಬಲ್ ರೈಡಿಂಗ್ ಹೋಗಿದ್ದೇ ತಪ್ಪು’ ಎಂಬುದು. ದೆಹಲಿಯ ಇಂಥದೇ ಪ್ರಕರಣವೊಂದರಲ್ಲಿ ಹೈಕೋರ್ಟ್ ಕೂಡ ಹಾಗೇ ಎಣಿಸಿ, ಮೃತ ಯುವಕನ ಮನೆಯವರಿಗೆ ಸಿಗಬೇಕಿದ್ದ ಪರಿಹಾರದಲ್ಲಿ ಶೇ 10ರಷ್ಟನ್ನು ಕಡಿತ ಮಾಡಿತ್ತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಡಿತವನ್ನು ರದ್ದುಪಡಿಸಿತು. ಮೂವರು ಕೂತದ್ದು ಕಾನೂನಿನ ಉಲ್ಲಂಘನೆ ನಿಜ. ಆದರೆ ಅದರಿಂದಲೇ ಅಪಘಾತವಾಯಿತು, ಇಲ್ಲವೇ ಪೆಟ್ಟು ಹೆಚ್ಚಾಯಿತು ಎನ್ನಲು ಸಾಕ್ಷ್ಯ ಬೇಕು ಎಂದಿತು. ಲೈಸೆನ್ಸ್ ಇಲ್ಲದ ಹುಡುಗನೊಬ್ಬನ ವಿಷಯದಲ್ಲಿ 2008ರಲ್ಲೂ ಇದೇ ನ್ಯಾಯ ಹೇಳಿತ್ತು. ಲೈಸೆನ್ಸ್ ಇಲ್ಲದ್ದಕ್ಕೆ ದಂಡ ಬೇರೆ, ಡಿಕ್ಕಿಯ ಹೊಣೆ ಬೇರೆ. ಈ ವ್ಯತ್ಯಾಸ ಕೋರ್ಟಿನ ತೀರ್ಪಿನಲ್ಲಷ್ಟೇ ಉಳಿಯಬಾರದು, ರಸ್ತೆಬದಿಯ ತನಿಖೆಗೂ ಇಳಿಯಬೇಕು.

ಏಕೆಂದರೆ ತಪ್ಪು ಯಾರದೆಂಬುದು ಬಹುಪಾಲು ಅಲ್ಲೇ ಬರೆದು ಮುಗಿದಿರುತ್ತದೆ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿ’ ಎಂಬ ಸಾಲು ಒಂದು ಎಫ್‌ಐಆರ್‌ನಿಂದ ಇನ್ನೊಂದಕ್ಕೆ ಅಕ್ಷರ ಬದಲಾಗದೆ ಸಾಗುತ್ತದೆ. ಸ್ಥಳ ಮಹಜರಿನ ಜೊತೆಗಿನ ನಕಾಶೆಯಲ್ಲಿ ಎರಡು ಗೆರೆಗಳ ರಸ್ತೆ, ನಡುವೆ ಒಂದು ಗುಣಿಸು ಗುರುತು. ಬ್ರೇಕ್ ಹಾಕಿದಾಗ ಟೈರು ಎಳೆದ ಗುರುತು ಎಷ್ಟು ಉದ್ದವಿತ್ತು, ಒಡೆದ ಗಾಜು ಯಾವ ಬದಿಗೆ ಚೆಲ್ಲಿತ್ತು, ಬೀದಿದೀಪ ಉರಿಯುತ್ತಿತ್ತೇ ಎಂಬುದನ್ನು ಆಗ ಬರೆಯದಿದ್ದರೆ ಆಮೇಲೆ ಯಾರೂ ತಂದುಕೊಡಲಾರರು. ಮೋಟಾರು ವಾಹನ ನಿರೀಕ್ಷಕರ ವರದಿಯಾದರೋ ಬಂಪರ್ ನೆಗ್ಗಿದೆ, ಬ್ರೇಕ್ ಸರಿಯಿದೆ, ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂಬಲ್ಲಿಗೆ ನಿಲ್ಲುತ್ತದೆ. ಡಿಕ್ಕಿಯ ನಂತರ ವಾಹನ ನಿಂತ ಜಾಗವೊಂದನ್ನೇ ನೋಡಿ ತಪ್ಪು ಹೊರಿಸಲಾಗದು ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಗುದ್ದಿದ ರಭಸಕ್ಕೆ ವಾಹನ ತಿರುಗಿ ಎದುರು ಬದಿಗೆ ಹೋಗಿ ನಿಂತಿರಬಹುದಲ್ಲ! 20 ಲಕ್ಷ ರೂಪಾಯಿ ಪರಿಹಾರದಲ್ಲಿ ಶೇ 25ರಷ್ಟು ತಪ್ಪು ಸತ್ತವನದೇ ಎಂದಾದರೆ 5 ಲಕ್ಷ ಹೋಯಿತು. ಒಂದು ಗೆರೆಚಿತ್ರದ ಮೇಲೆ ಇಷ್ಟು ಭಾರ ಹೇರುವುದು ಅನ್ಯಾಯ.

ನಿಯಮ ಮುರಿದರೂ ಪರಿಹಾರ ಕಡಿತವಿಲ್ಲ ಎಂದಾದರೆ ನಿಯಮಕ್ಕೆ ಬೆಲೆ ಎಲ್ಲಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೆ ನಿಯಮ ಮುರಿದದ್ದಕ್ಕೆ ದಂಡವಿದೆ, ಲೈಸೆನ್ಸ್ ಅಮಾನತು ಇದೆ. ವಿಧವೆಯ ಪರಿಹಾರದಿಂದ ಅದನ್ನು ವಸೂಲು ಮಾಡಬೇಕಿಲ್ಲ. ಹೆಲ್ಮೆಟ್ ಇಲ್ಲದೆ ತಲೆಗೇ ಪೆಟ್ಟಾಗಿದ್ದರೆ ಮಾತು ಬೇರೆ. ಅಲ್ಲಿ ಉಲ್ಲಂಘನೆಗೂ ಗಾಯಕ್ಕೂ ನಂಟಿದೆ. ಕಾಲು ಮುರಿದವನಿಗೂ ಅದೇ ಕಡಿತ ಹಾಕುವುದು ಸಲ್ಲದು. ತಪ್ಪು ಸಾಬೀತುಪಡಿಸದೆಯೂ ಪರಿಹಾರ ಸಿಗುತ್ತದಲ್ಲ ಎನ್ನುವುದು ಇನ್ನೊಂದು ವಾದ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡಿಸುತ್ತದೆ. ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಅದು ಎಷ್ಟು ವರ್ಷ ಬಂದೀತು? ನಿಜವಾದ ನಷ್ಟ ಕೇಳಲು 166ನೇ ಸೆಕ್ಷನ್‌ನಡಿ ನ್ಯಾಯಮಂಡಳಿಗೇ ಹೋಗಬೇಕು, ಚಾಲಕನ ತಪ್ಪು ತೋರಿಸಲೇಬೇಕು. ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಅಲ್ಲಿ ಬೇಡ, ಹೀಗೇ ಆಗಿರುವ ಸಂಭವ ಹೆಚ್ಚು ಎನಿಸಿದರೆ ಸಾಕು. ಅಷ್ಟನ್ನಾದರೂ ತೋರಿಸಲು ಮಹಜರಿನ ಹೊತ್ತಿಗೆ ಪೊಲೀಸರ ಕೈಯಲ್ಲಿ ಅಳತೆಪಟ್ಟಿ ಇರಬೇಕು, ನಾಲ್ಕೂ ಬದಿಯಿಂದ ಫೋಟೊ ತೆಗೆದಿರಬೇಕು, ಎದುರಿನ ಅಂಗಡಿಯ ಸಿಸಿ ಟಿವಿ ದೃಶ್ಯ ಅಳಿಸಿಹೋಗುವ ಮೊದಲು ಠಾಣೆ ಸೇರಿರಬೇಕು.