ಹೊಲಿಗೆ ಯಂತ್ರದ ಖರೀದಿ: ಬೆಲೆಗಿಂತ ಬಳಕೆಯ ಲೆಕ್ಕ ಮುಖ್ಯ

ಹೊಲಿಗೆ ವೃತ್ತಿಯನ್ನು ಆರಂಭಿಸುವವರು ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು. ಆದರೆ ಯಂತ್ರವು ದಿನಕ್ಕೆ ಎಷ್ಟು ಗಂಟೆ ದುಡಿಯಲಿದೆ, ಯಾವ ಬಟ್ಟೆಯನ್ನು ಹೊಲಿಯಲಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು ಬೆಲೆಪಟ್ಟಿಯಿಂದ ಪ್ರಯೋಜನವಿಲ್ಲ.

ಕೈಗಾರಿಕಾ ಮಾದರಿಯ ಏಕಸೂಜಿ ಯಂತ್ರವು ನಿಮಿಷಕ್ಕೆ 5,000ದಷ್ಟು ಹೊಲಿಗೆಗಳನ್ನು ಹಾಕಬಲ್ಲದು. ಗೃಹಬಳಕೆಯ ಯಂತ್ರದ ವೇಗ ಸಾಮಾನ್ಯವಾಗಿ 1,000ದ ಆಸುಪಾಸು. ಸಮವಸ್ತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಹೊಲಿಯುವ ಘಟಕಕ್ಕೆ ಈ ವೇಗ ಲಾಭದಾಯಕ. ರವಿಕೆ ಹೊಲಿಯುವ ಅಂಗಡಿಯಲ್ಲಿ ಕತ್ತರಿಸುವುದು, ಹುಕ್ಕು ಹಾಕುವುದು, ಹೆಮ್ಮಿಂಗ್ ಮುಂತಾದ ಕೈಕೆಲಸವೇ ಹೆಚ್ಚಿರುವುದರಿಂದ ಅದೇ ವೇಗ ಬಹುಪಾಲು ನಿಷ್ಕ್ರಿಯ ಬಂಡವಾಳವೆನಿಸುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳಂತೆ ದಪ್ಪ ಬಟ್ಟೆಯನ್ನು ಹೊಲಿಯುವವರಿಗೆ 16 ಅಥವಾ 18ನೇ ನಂಬರಿನ ಸೂಜಿಗೆ ಹೊಂದುವ, ಅದಕ್ಕೆಂದೇ ರೂಪಿಸಿದ ಮಾದರಿ ಬೇಕು. ಅಗ್ಗವೆಂದು ತೆಳು ಬಟ್ಟೆಯ ಯಂತ್ರವನ್ನು ಕೊಂಡರೆ, ಮುರಿದ ಸೂಜಿ ಮತ್ತು ಬಿಟ್ಟುಹೋದ ಹೊಲಿಗೆಗಳಲ್ಲಿ ಉಳಿತಾಯ ಕರಗುತ್ತದೆ.

ಮೋಟಾರಿನ ಆಯ್ಕೆಗೂ ಇದೇ ನ್ಯಾಯ. ಕ್ಲಚ್ ಮೋಟಾರ್ ಹೊಲಿಯದಿರುವಾಗಲೂ ತಿರುಗುತ್ತಿರುತ್ತದೆ; ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಉದಾಹರಣೆಗೆ, ಸರ್ವೋ ಮೋಟಾರಿಗೆ 4,000 ರೂ. ಹೆಚ್ಚು ತೆರಬೇಕು, ಎಂಟು ಗಂಟೆಯ ದುಡಿಮೆಯಲ್ಲಿ ಅದು ಒಂದೂವರೆ ಯೂನಿಟ್ ಉಳಿಸುತ್ತದೆ, ಯೂನಿಟ್ ದರ 8 ರೂ. ಎಂದಿಟ್ಟುಕೊಳ್ಳೋಣ. 300 ದಿನಗಳಿಗೆ ಉಳಿತಾಯ 3,600 ರೂ.; ಹೆಚ್ಚುವರಿ ವೆಚ್ಚ ಸುಮಾರು ಹದಿಮೂರೂವರೆ ತಿಂಗಳಲ್ಲಿ ಮರಳುತ್ತದೆ. ದಿನಕ್ಕೆ ಎರಡೇ ಗಂಟೆ ಹೊಲಿಯುವವರಿಗೆ ಅದೇ ಹಣ ಮರಳಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು.

2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದಾದ್ದರಿಂದ ಈ ಇಳಿಕೆ ಅವರಿಗೆ ನೇರ ಉಳಿತಾಯ. ಜಮೆ ಪಡೆಯಲು ಅರ್ಹರಾದವರು ತೆರಿಗೆಯ ಮೊತ್ತವನ್ನೂ ಯಂತ್ರದ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆದಲ್ಲಿ ಆ ಜಮೆಯನ್ನು ಕಳೆದುಕೊಳ್ಳುತ್ತಾರೆ.

ಸಾಲ ಮಾಡಿ ಕೊಳ್ಳುವವರು ಮಾಸಿಕ ಕಂತನ್ನು ಮದುವೆಯ ಕಾಲದ ಗಳಿಕೆಯೊಂದಿಗೆ ತೂಗಿ ನೋಡುವುದು ವಾಡಿಕೆ. ಅದು ತಪ್ಪು ಅಳತೆಗೋಲು. ಆಷಾಢದಲ್ಲಿ ಮದುವೆಗಳಿರುವುದಿಲ್ಲ; ಬ್ಯಾಂಕಿನ ಕಂತು ಮಾತ್ರ ಇರುತ್ತದೆ. ಆಷಾಢದ ಗಳಿಕೆಯಲ್ಲಿಯೂ ತೀರಿಸಬಹುದಾದ ಕಂತಿನ ಯಂತ್ರವೇ ಸಣ್ಣ ಉದ್ಯಮಿಗೆ ಸೂಕ್ತವಾದ ಯಂತ್ರ.